ಮಖಮಲ್ಲಿನ ದಿಕ್ಕು

ಉಣಕಲ್ ಕೆರೆಗೆ ಕೋಟು ಹೊಲಿದವನು ನಾನು. ಆ ವರ್ಷದ ಚಳಿಗೆ ಕೆರೆ ಗಡಗಡ ನಡುಗಿ ದಂಡೆಯ ಮೇಲೆಲ್ಲ ನೀರು ಚೆಲ್ಲುತ್ತಿತ್ತು, ನನ್ನಿಂದ ನೋಡಲಾಗಲಿಲ್ಲ. ಬಲಗೈಯಲ್ಲಿ ಚಹಾದ ಲೋಟ ಹಿಡಿದು, ಎಡಗೈಯೊಂದರಲ್ಲೇ ಕತ್ತರಿಸಿ, ಚಹಾ ಆರುವುದರೊಳಗೆ ಹೊಲಿದು ತೊಡಿಸಿಬಿಟ್ಟೆ. ಎಷ್ಟು ಅಚ್ಚುಕಟ್ಟಾಗಿ ಕೂತಿತ್ತೆಂದರೆ ಮೀನುಗಳು ದಂಡೆಗೆ ಬಂದು ಒಳಜೇಬು ಎಲ್ಲಿದೆ ಎಂದು ಕೇಳಿದವು. ಹುಬ್ಬಳ್ಳಿಯಲ್ಲಿ ಇದನ್ನು ನಂಬದವರೂ ಇದ್ದಾರೆ. ಅವರೆಲ್ಲ ಬೇರೆ ಟೇಲರನ ಗಿರಾಕಿಗಳು.

ನನ್ನ ಹೆಸರು ಎಲೀಷ. ವಯಸ್ಸು ಅರವತ್ಮೂರು, ನೋಡಿದವರು ನಲವತ್ತು ಎನ್ನುತ್ತಾರೆ, ದೂರದಿಂದ ನೋಡಿದವರು. ಕೇಶ್ವಾಪುರದಲ್ಲಿ, ನಮ್ಮ ಚರ್ಚಿನಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಅಂಗಡಿ. ಬೋರ್ಡಿನ ಮೇಲೆ ‘ಎಲೀಷ ಟೇಲರ್ಸ್, ಸೂಟಿನ ಸಾಮ್ರಾಟ’ ಎಂದು ಬರೆಸಿದ್ದೇನೆ. ಸಾಮ್ರಾಟ ಎನ್ನುವುದು ಪೇಂಟರನ ಒತ್ತಾಯ. ನಾನು ಚಕ್ರವರ್ತಿ ಎಂದು ಬರೆಯಲು ಹೇಳಿದ್ದೆ, ಜಾಗ ಸಾಲಲಿಲ್ಲ.

ಇಂಥ ನಾನು ಹನ್ನೊಂದು ವರ್ಷ ಪ್ರಭು ಭೋಜನ ತೆಗೆದುಕೊಂಡಿರಲಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಸಭೆಯಲ್ಲಿ ತಿಂಗಳ ಮೊದಲ ರವಿವಾರ ಆರಾಧನೆಯ ಕೊನೆಗೆ ಎಲ್ಲರೂ ಸಾಲಾಗಿ ಮುಂದೆ ಹೋಗಿ ಕಟ್ಟಿಗೆಯ ಕಟಾಂಜನದ ಎದುರು ಮಂಡಿಯೂರುತ್ತಾರೆ. ಸಭಾಪಾಲಕರು, ನಾವು ಅಯ್ಯನವರು ಎನ್ನುತ್ತೇವೆ, ಒಬ್ಬೊಬ್ಬರ ಅಂಗೈಯಲ್ಲಿ ರೊಟ್ಟಿಯ ತುಣುಕು ಇಡುತ್ತಾರೆ, ಆಮೇಲೆ ದ್ರಾಕ್ಷಾರಸದ ಪಾತ್ರೆ ಬರುತ್ತದೆ. ಆ ಹೊತ್ತಿಗೆ ಸರಿಯಾಗಿ ನಾನು ಎದ್ದು ಹೊರಗೆ ಹೋಗುತ್ತಿದ್ದೆ. ಕೇಳಿದವರಿಗೆ ಚಪ್ಪಲಿ ಕಾಯುತ್ತೇನೆ, ಮಂಗಗಳು ಒಯ್ಯುತ್ತವೆ ಎನ್ನುತ್ತಿದ್ದೆ. ಹನ್ನೊಂದು ವರ್ಷದಲ್ಲಿ ಮುನ್ನೂರು ಮಂಗಗಳನ್ನು ಬರಿಗೈಯಲ್ಲಿ ಓಡಿಸಿದ್ದೇನೆ. ಕೇಶ್ವಾಪುರದಲ್ಲಿ ಮಂಗಗಳೇ ಇಲ್ಲವಲ್ಲ ಎನ್ನುವವರಿಗೆ ಈಗ ಕಾರಣ ತಿಳಿದಿರಬೇಕು.

ಈ ವರ್ಷ ಫೆಬ್ರವರಿಯಲ್ಲಿ ನನ್ನ ಮೊಮ್ಮಗಳು ತಬಿತಾ ಸಾಲಿಯಿಂದ ಬಂದವಳೇ ಮಶಿನ್ನಿನ ಮೇಲೆ ಮೊಣಕೈ ಊರಿ ನಿಂತಳು. ಹದಿನೈದು ವರ್ಷದ ಹುಡುಗಿ. ಅವಳ ಅಪ್ಪ ತೀರಿಕೊಂಡು ಹತ್ತು ವರ್ಷವಾಯಿತು. ತಾಯಿ, ಎಂದರೆ ನನ್ನ ಮಗಳು, ಸತ್ತೂರಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಮೂವರೂ ಅಂಗಡಿಯ ಹಿಂದಿನ ಮನೆಯಲ್ಲೇ ಇದ್ದೇವೆ.

“ಅಜ್ಜಾ, ಈಸ್ಟರ್ ದಿನ ನನಗ ಮೊದಲನೇ ಭೋಜನ. ನನ್ನ ಎಡಗಡೆ ನೀ ಕೂಡಬೇಕು.”

“ನನ್ನ ಮೊಣಕಾಲ ಮಡಚೂದಿಲ್ಲವಾ.”

“ದಿನಾ ಅದ ಮೊಣಕಾಲಿಲೆ ಮಶಿನ್ ತುಳೀತಿಯಲ್ಲ.”

“ಅದು ತುಳಿಯೂ ಮೊಣಕಾಲು. ಊರೂ ಮೊಣಕಾಲು ಬ್ಯಾರೆ.”

ಅವಳು ನಗಲಿಲ್ಲ. ನಮ್ಮ ಸಭೆಯಲ್ಲಿ ಒಂದು ರೂಢಿ ಇದೆ. ಪಾಠ ಕಲಿತು ಸಭೆಯೆದುರು ತನ್ನ ನಂಬಿಕೆ ಒಪ್ಪಿ ದೃಢೀಕರಣವಾದ ಮಗು ಮೊದಲ ಸಲ ಭೋಜನಕ್ಕೆ ಹೋದಾಗ ಮನೆಯ ಎಲ್ಲರಿಗಿಂತ ಹಿರಿಯರು ಅದರ ಎಡಕ್ಕೆ ಮಂಡಿಯೂರಬೇಕು. ಹಿರಿಯರು ಬರದಿದ್ದರೆ ಆ ಜಾಗದಲ್ಲಿ ಬೇರೆ ಯಾರೂ ಕೂರುವುದಿಲ್ಲ, ಖಾಲಿ ಬಿಡುತ್ತಾರೆ. ಖಾಲಿ ಜಾಗವನ್ನು ಇಡೀ ಸಭೆ ನೋಡುತ್ತದೆ, ಮಗುವೂ ನೋಡುತ್ತದೆ.

“ನನ್ನ ಬಾಜೂ ಖಾಲಿ ಬಿಡಸ್ತೀಯೇನ?” ಎಂದಳು ತಬಿತಾ.

ಬಿಡಿಸುವುದಿಲ್ಲ ಎಂದು ಅಲ್ಲೇ ನಿರ್ಧರಿಸಿದೆ. ನಾನು ಒಮ್ಮೆ ನಿರ್ಧರಿಸಿದರೆ ಗೋಲಗುಂಬಜ್ ಕೂಡ ಪಕ್ಕಕ್ಕೆ ಸರಿದು ದಾರಿ ಕೊಡುತ್ತದೆ. ಆದರೆ ಆ ಕಟಾಂಜನಕ್ಕೆ ಮಂಡಿಯೂರಲು ಒಂದು ಅಡ್ಡಿ ಇತ್ತು, ಅದನ್ನು ಮೊದಲು ದಾಟಬೇಕಿತ್ತು.

ಅಡ್ಡಿಯ ಹೆಸರು ಮಲ್ಲಿಕಸಾಬ. ಇಪ್ಪತ್ತು ವರ್ಷ ನನ್ನ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮಾಸ್ತರನಾಗಿದ್ದ. ಹನ್ನೊಂದು ವರ್ಷದ ಹಿಂದೆ ಸಭೆಯ ಹಿರಿಯ ರಾಜಶೇಖರರ ಮಗನ ಮದುವೆಗೆ ಮೆರೂನು ಬಣ್ಣದ ಮಖಮಲ್ಲಿನ ಕೋಟು ಹೊಲಿಯಲು ಕೊಟ್ಟಿದ್ದರು. ಮಖಮಲ್ಲಿಗೆ ಒಂದು ದಿಕ್ಕು ಇರುತ್ತದೆ, ಬೆಕ್ಕಿನ ಬೆನ್ನಿನ ಹಾಗೆ. ಮೇಲಿನಿಂದ ಕೆಳಗೆ ಸವರಿದರೆ ನುಣುಪು, ಬಣ್ಣ ತಿಳಿ. ಕೆಳಗಿನಿಂದ ಮೇಲೆ ಸವರಿದರೆ ಒರಟು, ಬಣ್ಣ ಕಡು. ಆದ್ದರಿಂದ ಎಲ್ಲ ತುಂಡುಗಳನ್ನೂ ಒಂದೇ ದಿಕ್ಕಿನಲ್ಲಿ ಕತ್ತರಿಸಬೇಕು. ಕಸಬು ಕಲಿಯಲು ಬಂದ ಮೊದಲ ವಾರವೇ ಕಲಿಸುವ ಪಾಠ ಇದು. ಆ ಕೋಟಿನ ಎಡ ಎದೆಯ ತುಂಡನ್ನು ಮಲ್ಲಿಕಸಾಬ ತಲೆಕೆಳಗು ಕತ್ತರಿಸಿಬಿಟ್ಟ. ಮದುವೆಯ ಫೋಟೋಗಳಲ್ಲಿ ಮದುಮಗನ ಅರ್ಧ ಎದೆ ಬಿಸಿಲಿನಲ್ಲಿ, ಅರ್ಧ ಎದೆ ನೆರಳಿನಲ್ಲಿ ನಿಂತ ಹಾಗೆ ಬಂತು. ರಾಜಶೇಖರರು ಅಂಗಡಿಗೆ ಬಂದು ಕೂಗಾಡಿದರು. ನಾನು ಮಲ್ಲಿಕಸಾಬನಿಗೆ ಎಲ್ಲರೆದುರು ಎರಡು ಮಾತು ಜೋರಾಗಿ ಅಂದೆ. ಅವನು ಕೊರಳಲ್ಲಿದ್ದ ಟೇಪು ತೆಗೆದು ಮೇಜಿನ ಮೇಲಿಟ್ಟು ಹೊರಟುಹೋದ.

ಆ ಎರಡು ಜೋರು ಮಾತು, ಅಷ್ಟೇ ನನ್ನ ತಪ್ಪು. ಸಾಸಿವೆ ಕಾಳಿನಷ್ಟು. ಆದರೆ ನನ್ನಂಥ ನೀತಿವಂತನಿಗೆ ಸಾಸಿವೆ ಕಾಳೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಬೂದಿ ಬುಧವಾರದ ಬೆಳಿಗ್ಗೆ ಅಂಗಡಿಯ ಗೋಡೆಯಿಂದ ಗೋಡೆಗೆ ಒಂದು ಹಗ್ಗ ಕಟ್ಟಿದೆ. ಈಸ್ಟರಿಗೆ ಮುಂಚಿನ ಉಪವಾಸಕಾಲ ಲೆಂಟಿನ ನಲವತ್ತು ದಿನ, ದಿನಕ್ಕೊಂದರಂತೆ ಬಡ ಮಕ್ಕಳಿಗೆ ನಲವತ್ತು ಅಂಗಿ. ಪುಕ್ಕಟೆ, ನನ್ನ ಕೈಯಿಂದಲೇ. ಹಗ್ಗ ತುಂಬಿದ ದಿನ ನಾನು ಆ ಕಟಾಂಜನಕ್ಕೆ ಅರ್ಹ. ಬೇರೆಯವರಾದರೆ ಹತ್ತಕ್ಕೇ ತೃಪ್ತಿಪಡುತ್ತಿದ್ದರು.

ತಬಿತಾಳಿಗೆ ಹೇಳಿದೆ. ಅವಳು ದೃಢೀಕರಣದ ಪಾಠದ ವಹಿ ತೆರೆದು ಕೂತಿದ್ದಳು.

“ಅಜ್ಜಾ, ನಮಗ ಹಂಗ ಕಲಿಸಿಲ್ಲ. ದೇವರು ನಮ್ಮನ್ನ ನೀತಿವಂತರು ಅನ್ನೂದು ನಾವು ಮಾಡಿದ್ದ ನೋಡಿ ಅಲ್ಲಂತ. ಯೇಸು ಮಾಡಿದ್ದ ನೋಡಿ ಅಂತ. ನಾವು ನಂಬಿ ಕೈ ಚಾಚೂದಷ್ಟ. ಅದಕ್ಕ ಯಾರೂ ಬಡಾಯಿ ಕೊಚ್ಚೂ ಹಂಗ ಇಲ್ಲಂತ.”

“ಕಡೀ ಮಾತು ಅಯ್ಯನವರು ನನ್ನ ನೋಡಿಕೋತನ ಹೇಳ್ಯಾರೇನ?”

“ನೀ ಹೊರಗ ಚಪ್ಪಲಿ ಕಾಯಾಕತ್ತಿದ್ದಿ.”

ಎರಡನೆಯ ವಾರ ಅಯ್ಯನವರೇ ಬಂದರು. ನಮ್ಮ ಸಭಾಪಾಲಕರು ನನಗಿಂತ ಮೂವತ್ತು ವರ್ಷ ಚಿಕ್ಕವರು, ಮೋಟರ್ ಸೈಕಲಿನಲ್ಲಿ ಓಡಾಡಿ ನಿಲುವಂಗಿಯ ಅಂಚು ಹರಿದುಕೊಳ್ಳುವ ಮನುಷ್ಯ. ಅಂಚು ಹೊಲಿಸಲು ಕೊಟ್ಟು, ಹಗ್ಗದ ಮೇಲಿನ ಅಂಗಿಗಳನ್ನು ನೋಡಿದರು.

“ಇವು ಯಾರಿಗೆ, ಎಲೀಷಪ್ಪಾರ?”

“ಬಡವರ ಮಕ್ಕಳಿಗ್ರಿ. ನಲವತ್ತು ತುಂಬಿದ ದಿನ ನಾ ಭೋಜನಕ್ಕ ಬರ್ತೇನಿ.”

“ಮಕ್ಕಳಿಗೆ ಕೊಡ್ರಿ, ಛಲೋ. ಆದರ ಭೋಜನಕ್ಕ ನಲವತ್ತ ಯಾಕ? ಇವತ್ತ ಬರ್ರಿ.”

“ಪುಕ್ಕಟೆ ಕೊಟ್ಟಿದ್ದು ನನ್ನ ಮೈಗೆ ಕೂಡೂದಿಲ್ಲರಿ. ನಾ ದುಡದ ತಗೋಳೂ ಮನಿಷಾ.”

“ದುಡದ ತಗೋಳೂದಾದ್ರ ನಾಕು ನೂರಾದ್ರೂ ಸಾಲೂದಿಲ್ಲರಿ,” ಎಂದರು, “ಸುಮ್ನ ತಗೋಳೂದಾದ್ರ ಒಂದೂ ಬ್ಯಾಡ.” ಅವರು ಹೋದ ಮೇಲೆ ನನ್ನ ಪಟ್ಟು ಇನ್ನಷ್ಟು ಬಿಗಿಯಾಯಿತು. ನಾಕು ನೂರೂ ಹೊಲಿಯಬಲ್ಲೆ ಎಂದು ಅವರಿಗೆ ಗೊತ್ತಿರಲಿಲ್ಲ.

ಆ ನಲವತ್ತು ದಿನ ನಾನು ಪಟ್ಟ ಶ್ರಮವನ್ನು ಬರೆಯಲು ಕಾಗದದ ಗಿರಣಿಯೇ ಬೇಕು. ಮಶಿನ್ನಿನ ಸೂಜಿ ಕಾದು ಕೆಂಪಾಗುತ್ತಿತ್ತು, ಅದರಲ್ಲೇ ಮಗಳು ಹಪ್ಪಳ ಸುಡುತ್ತಿದ್ದಳು. ನನ್ನ ದಾರದ ಉದ್ದ ಲೆಕ್ಕ ಹಾಕಿದರೆ ಧಾರವಾಡಕ್ಕೆ ಹೋಗಿ ಪೇಡೆ ಕಟ್ಟಿಸಿಕೊಂಡು ಬರುವಷ್ಟಾಗುತ್ತಿತ್ತು. ಹಗ್ಗ ಬಾಗತೊಡಗಿತು. ಓಣಿಯವರು ಬಂದು ನೋಡಿದರು, ಹೊಗಳಿದರು. ಹೊಗಳದವರನ್ನು ನಾನೇ ಕರೆದು ತೋರಿಸಿದೆ. ಈಸ್ಟರಿನ ಹಿಂದಿನ ಪವಿತ್ರ ವಾರದ ಬುಧವಾರಕ್ಕೆ ನಲವತ್ತೂ ಹಗ್ಗದ ಮೇಲಿದ್ದವು.

ಒಂದೇ ಒಂದು ಬಟ್ಟೆ ಮಾತ್ರ ಉಳಿದುಹೋಗಿತ್ತು. ತಬಿತಾಳ ಬಿಳಿ ಫ್ರಾಕು. ಮೊದಲ ಭೋಜನಕ್ಕೆ ಹುಡುಗಿಯರು ಬಿಳಿ ತೊಡುತ್ತಾರೆ. ಅರ್ಧ ತಾಸಿನ ಕೆಲಸ, ನಾಳೆ, ನಾಡಿದ್ದು ಎನ್ನುತ್ತ ಬಂದಿದ್ದೆ.

ಗುರುವಾರ ಸಂಜೆ ಅವಳು ಒಂದು ಚೀಲ ಹಿಡಿದು ಬಂದಳು. ಒಳಗೆ ಹೋಗಿ ಫ್ರಾಕು ತೊಟ್ಟುಕೊಂಡು ಹೊರಗೆ ಬಂದಳು. ಹೆಗಲು, ಸೊಂಟ, ಘೇರು, ಎಲ್ಲೂ ಒಂದು ಸುಕ್ಕಿಲ್ಲ. ಹೊಲಿಗೆ ಎಲ್ಲಿದೆ ಎಂದು ಹುಡುಕಬೇಕಾಗಿತ್ತು. ಆ ಕೈ ಯಾರದೆಂದು ಕೇಳುವ ಅಗತ್ಯವಿರಲಿಲ್ಲ.

“ನವನಗರಕ್ಕ ಹೋಗಿದ್ದೆ,” ಎಂದಳು. “ಮಲ್ಲಿಕಸಾಬ ಕಾಕಾನ ಕಡೆ. ನೀ ಹೊಲದ ಕೊಡಲಿಲ್ಲ, ಮತ್ತೇನ ಮಾಡ್ಲಿ? ಸೋಮವಾರ ಕೊಟ್ಟ ಬಂದಿದ್ದೆ. ಉಳದ ತುಣುಕು ಅರಬಿನೂ ಮಡಚಿ ಕೊಟ್ಟಾನ ನೋಡು.”

“ಅಂವ ಅರಬಿ ಕೆಡಸೂ ಮನಿಷಾ. ಗೊತ್ತಿಲ್ಲೇನ ನಿನಗ?”

“ನಾ ಅದನ್ನೂ ಕೇಳಿದೆ. ಕಾಕಾ, ಆ ಮಖಮಲ್ಲಿನ ಕೋಟು ನೀವ ಕೆಡಿಸಿದ್ರೇನ ಅಂದೆ.”

ನನ್ನ ಕೈಯಲ್ಲಿದ್ದ ಇಸ್ತ್ರಿ ಪೆಟ್ಟಿಗೆಯನ್ನು ಕೆಳಗಿಟ್ಟೆ. “ಏನಂದ?”

“ಹೌದವಾ, ಹನ್ನೊಂದು ವರ್ಷದಿಂದ ಅದು ನನ್ನ ಹೆಸರಿಗೇ ಐತಿ, ಈಗ ಯಾರ ಮನಿಗೆ ಕಳಸೂದು ಅಂದ.” ತಬಿತಾ ನನ್ನ ಮುಖ ನೋಡುತ್ತಿದ್ದಳು. “ಆದರ ಅಜ್ಜಾ, ನನ್ನ ಬಿಳಿ ಅರಬಿ ಹಾಸಿ ಮೂರು ಸಲ ಕೈಲೆ ಸವರಿ ದಿಕ್ಕು ನೋಡಿದ. ಇದು ಬರೇ ಪಾಪ್ಲಿನ್, ಇದಕ್ಕ ದಿಕ್ಕು ಇರೂದಿಲ್ಲಲ್ಲ ಅಂದೆ. ಗೊತ್ತವಾ, ಸಣ್ಣಾಂವ ಇದ್ದಾಗಿಂದ ಕೈಗೆ ರೂಢಿ ಅಂದ. ಪಾಪ್ಲಿನ್‌ಗೂ ದಿಕ್ಕು ನೋಡಾಂವ ಮಖಮಲ್ಲಿಗೆ ಹೆಂಗ ಮರತ?”

ಅವಳಿಗೆ ಉತ್ತರವಾಗಿ ಗದಗಿನ ಮಹಾರಾಜನೊಬ್ಬನಿಗೆ ನಾನು ಹೊಲಿದ ಚಲ್ಲಣದ ಕತೆ ಶುರು ಮಾಡಿದೆ. ಗದಗಿನಲ್ಲಿ ಮಹಾರಾಜರು ಯಾವಾಗಿದ್ದರು ಎಂದು ಕೇಳಿ ಒಳಗೆ ಹೋದಳು.

ಶುಭ ಶುಕ್ರವಾರ ಮೂರು ತಾಸಿನ ಆರಾಧನೆಯಲ್ಲಿ ಕೂತಿದ್ದೆ. ಏನು ಓದಿದರೋ ಕೇಳಿಸಲಿಲ್ಲ. ಒಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು: ನನ್ನ ಹೆಸರಿಗೇ ಐತಿ.

ಶನಿವಾರ ಬೆಳಿಗ್ಗೆ ನಲವತ್ತು ಅಂಗಿಗಳನ್ನೂ ಗಂಟು ಕಟ್ಟಿ, ಹೆಗಲಿಗೇರಿಸಿ, ಚಿಗರಿ ಬಸ್ಸು ಹತ್ತಿ ನವನಗರದಲ್ಲಿ ಇಳಿದೆ. ಇವತ್ತು ಮುಗಿಸಿಯೇ ಬರುವುದೆಂದು ಹಲ್ಲು ಕಚ್ಚಿದ್ದೆ. ಒಂದು ಮನೆಯ ಹೊರ ಮೆಟ್ಟಿಲಿನ ಕೆಳಗೆ ಒಂದು ಮಶಿನ್, ಅದರ ಸುತ್ತ ಹರಿದ ಸಾಲಿಯ ಚೀಲಗಳು, ಜಿಪ್ಪು ಕಿತ್ತ ಪ್ಯಾಂಟುಗಳು. ಮಲ್ಲಿಕಸಾಬ ತಲೆಯೆತ್ತಿ ನೋಡಿದ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು.

“ಬರ್ರಿ ಎಲೀಷಣ್ಣ,” ಎಂದ, ನಾನು ನಿನ್ನೆ ಚಹಾ ಕುಡಿಯಲು ಹೊರಗೆ ಹೋಗಿ ಇವತ್ತು ಬಂದವನ ಹಾಗೆ.

ಪಕ್ಕದಲ್ಲಿ ಅವನ ಹೆಂಡತಿ ಗುಲ್ಜಾರಬಿ ಕೂತು ಗುಂಡಿ ಹಚ್ಚುತ್ತಿದ್ದಳು. “ಯಾರಿವರು? ಓ, ಸಾಮ್ರಾಟರು. ಹರಕ ಚೀಲ ಹೊಲಿಯೂ ಅಂಗಡಿಗೆ ಸಾಮ್ರಾಟರು ಯಾಕ ಬಂದ್ರೋ.”

ಗಂಟನ್ನು ಮಲ್ಲಿಕಸಾಬನ ಮುಂದಿಟ್ಟು ಬಿಚ್ಚಿದೆ. “ನಲವತ್ತು ಅದಾವ. ಎಲ್ಲಾ ನನ್ನ ಕೈಲೆ ಹೊಲದದ್ದು. ನಲವತ್ತು ದಿನಾ ನೀರಿಲ್ಲ, ನಿದ್ದಿ ಇಲ್ಲ. ನಿಮ್ಮ ಓಣಿ ಹುಡುಗರಿಗೆ ಹಂಚು. ನನ್ನ ನಿನ್ನ ನಡುವಿನದು ಇಲ್ಲಿಗೆ ಸರಿಹೋತು ಅಂತ ಒಂದು ಮಾತು ಅಂದಬಿಡು ಮಲ್ಲಿಕ. ನಾಳೆ ನನಗ ಆ ಮಾತು ಬೇಕಾಗೇತಿ.”

ಅವನು ಒಂದು ಅಂಗಿ ಎತ್ತಿ, ಒಳಗಿನದನ್ನು ಹೊರಗೆ ಮಾಡಿ, ಪಕ್ಕದ ಹೊಲಿಗೆಯ ಮೇಲೆ ಬೆರಳಾಡಿಸಿ ಬಲಕ್ಕಿಟ್ಟ. ಇನ್ನೊಂದನ್ನು ಎತ್ತಿದ, ಬಲಕ್ಕಿಟ್ಟ. ಮೂರನೆಯದನ್ನು ಎಡಕ್ಕೆ. ಹಾಗೇ ನಲವತ್ತನ್ನೂ ನೋಡಿದ. ಬಲಕ್ಕೆ ದೊಡ್ಡ ರಾಶಿ, ಎಡಕ್ಕೆ ಸಣ್ಣದು.

“ಇವು ಏಳು ನಿಮ್ಮವು,” ಎಂದ ಎಡಗಡೆಯ ರಾಶಿ ತೋರಿಸಿ. “ಉಳದದ್ದು ದುರ್ಗದ ಬೈಲಿನ ರೆಡಿಮೇಡ್ ಮಾಲು.”

“ಏನಂತಿ? ನನ್ನ ಲೇಬಲ್ ಕಾಣಸೂದಿಲ್ಲೇನ?”

“ಕಾಣತೈತ್ರಿ. ಅದರ ಕೆಳಗ ಹಳೇ ಲೇಬಲ್ ಬಿಚ್ಚಿದ ತೂತೂ ಕಾಣತಾವ. ಐದು ದಾರದ ಹೊಲಿಗಿ ಇದು, ನಿಮ್ಮ ಅಂಗಡ್ಯಾಗ ಅಂಥಾ ಮಶಿನ್ ಎಲ್ಲೈತಿ?” ಏಳರಲ್ಲಿ ಒಂದನ್ನು ಎತ್ತಿ ಹಿಡಿದ. “ಇನ್ನ ಇದಕ್ಕ ಎರಡೂ ತೋಳು ಎಡಗಡೆದ್ದ ಹಚ್ಚೀರಿ.”

ಗುಲ್ಜಾರಬಿ ಸೂಜಿ ಬಾಯಲ್ಲಿ ಹಿಡಿದು ಮುಖ ಆಚೆ ತಿರುಗಿಸಿದಳು. ಹೆಗಲು ಕುಲುಕುತ್ತಿತ್ತು.

ಮಲ್ಲಿಕಸಾಬ ನಗಲಿಲ್ಲ. ನನ್ನ ಬಲಗೈಯನ್ನು ಹಿಡಿದು ತನ್ನ ಅಂಗೈ ಮೇಲಿಟ್ಟುಕೊಂಡ. ಅದು ಅಲ್ಲಿಯೂ ಸುಮ್ಮನಿರಲಿಲ್ಲ. “ಯಾವಾಗಿಂದ ನಡಗತೈತಿ?”

“ಮೂರು ವರ್ಷ ಆತು.” ಈ ಮಾತನ್ನು ನಾನು ಮಗಳಿಗೂ ಹೇಳಿರಲಿಲ್ಲ. ನರ್ಸಮ್ಮನಿಗೆ ಗೊತ್ತಾಗದೆ ಇರುತ್ತದೆಯೇ, ಆದರೆ ನಾನಾಗಿ ಹೇಳಿರಲಿಲ್ಲ.

ಅವನು ಕೈ ಬಿಡಲಿಲ್ಲ. ಕೈ ಹಿಡಿದವನ ಎದುರು ಕತೆ ಕಟ್ಟುವುದು ಕಷ್ಟ.

“ಮಲ್ಲಿಕ, ಆ ಮಖಮಲ್ಲು...”

“ಗೊತ್ತೈತ್ರಿ.”

“ನಾನ...”

“ನಾ ಅಲ್ಲೇ ಮೇಜಿನ ಬಾಜೂ ನಿಂತಿದ್ದೆ ಅಲ್ರಿ. ಕಣ್ಣಿಲೆ ನೋಡೇನಿ.”

“ಮತ್ತ ರಾಜಶೇಖರಪ್ಪ ಒದರ್ಯಾಡೂ ಮುಂದ ನೀ ಯಾಕ ಬಾಯಿ ಬಿಡಲಿಲ್ಲ?”

“ನಿಮ್ಮ ಅಳಿಯ ದವಾಖಾನ್ಯಾಗ ಮಲಗಿದ್ದ. ಆ ಕೂಸು ನಾಕು ವರ್ಷದ್ದು, ಮಶಿನ್ ಕೆಳಗ ಆಡಕೋತ ಕುಂತಿತ್ತು. ಅಂಗಡಿ ಹೆಸರು ಹೋಗಿದ್ರ ಅದು ಏನ ಉಣ್ಣತಿತ್ತು? ಹೆಸರು ನನ್ನದು ಹೋಗಲಿ ಅಂದೆ. ನನಗ ಎರಡು ಕೈ ಇದ್ದವಲ್ಲ.”

“ನಿನಗ ಸಿಟ್ಟ ಬರಲಿಲ್ಲೇನೋ?”

“ಬಂತು. ಬಸ್ ಸ್ಟಾಪಿನ ತನಕ ಇತ್ತು. ಆ ಮ್ಯಾಲ ಬಿಟ್ಟಬಿಟ್ಟೆ. ಈ ಗಂಟು ಅವತ್ತಿಗೂ ಬೇಕಾಗಿದ್ದಿಲ್ಲ, ಇವತ್ತಿಗೂ ಬೇಕಾಗಿಲ್ಲರಿ.”

“ಅಂವ ಬಿಟ್ಟಾನ,” ಎಂದಳು ಗುಲ್ಜಾರಬಿ, ಬಾಯಿಂದ ಸೂಜಿ ತೆಗೆದು. “ನಾ ಬಿಟ್ಟಿಲ್ಲ. ಇಂವ ಅರಬಿ ಕೆಡಸಾಂವ ಅಂತ ಊರ ತುಂಬ ಆ ರಾಜಶೇಖರಪ್ಪ ಹೇಳಕೋತ ಹೋದರು. ಹನ್ನೊಂದು ವರ್ಷ ಯಾರೂ ಈ ಮನಿಷಾನ ಮುಂದ ಒಂದು ಕೋರಾ ಅರಬಿ ಹಾಸಲಿಲ್ಲ. ಹರಕ ಜಿಪ್ಪು, ಹರಕ ಚೀಲ. ಸೋಮವಾರ ನಿಮ್ಮ ಮೊಮ್ಮಗಳು ಬಿಳಿ ಅರಬಿ ತಂದಾಗ ಇಂವ ಕತ್ತರಿ ಹಿಡಿಯೂ ಮೊದಲ ಎದ್ದ ಹೋಗಿ ಕೈ ತೊಳಕೊಂಡು ಬಂದಾನ. ನಾ ನೋಡೇನಿ.”

ಹರಡಿದ್ದ ಅಂಗಿಗಳನ್ನು ಒಂದೊಂದಾಗಿ ಮಡಚತೊಡಗಿದೆ.

ಅವಳೇ ಎದ್ದು ಒಳಗಿನಿಂದ ಚಹಾ ತಂದು ಮುಂದಿಟ್ಟಳು. ಬಿಟ್ಟಿಲ್ಲ ಎಂದವಳು ಸಕ್ಕರೆ ಮಾತ್ರ ಸರಿಯಾಗಿ ಹಾಕಿದ್ದಳು.

ಅಲ್ಲಿಂದ ನೇರ ಚರ್ಚಿಗೆ ಹೋದೆ. ಅಯ್ಯನವರು ಈಸ್ಟರಿಗೆ ಬೆಂಚುಗಳನ್ನು ಒರೆಸುತ್ತಿದ್ದರು. ನಿಂತಲ್ಲೇ ಎಲ್ಲ ಒದರಿಬಿಟ್ಟೆ: ಏಳು ಅಂಗಿ, ಎರಡು ಎಡ ತೋಳು, ನಡುಗುವ ಕೈ, ಮಖಮಲ್ಲು. “ಹಿಂಗಾಗಿ ನಾಳೆ ನಾ ಬರೂ ಹಂಗಿಲ್ಲರಿ ಅಯ್ಯಾರ. ನನ್ನ ಕಡೆ ತೋರಸಾಕ ಏನೂ ಉಳದಿಲ್ಲ.”

ಅವರು ಒರೆಸುವ ಬಟ್ಟೆ ಹಿಂಡಿ ಬಕೆಟ್ಟಿನ ಮೇಲೆ ಹಾಕಿದರು. “ನಲವತ್ತೂ ಖರೇನ ಹೊಲದಿದ್ರ ನಿಮಗ ಹೆಂಗ ತಿಳಿಸಿ ಹೇಳೂದು ಅಂತ ಚಿಂತಿ ಮಾಡಾಕತ್ತಿದ್ದೆ. ಈಗ ಸಸಾರಾತು.”

“ನಾ ಇಷ್ಟೆಲ್ಲಾ ಹೇಳಿದೆ, ನೀವು ನಗತೀರಿ.”

“ಎಲೀಷಪ್ಪಾರ, ಕೈ ತುಂಬ ಅಂಗಿ ಹಿಡಕೊಂಡ ಬಂದ್ರ ನಾ ರೊಟ್ಟಿ ಎಲ್ಲಿ ಇಡಲಿ? ನಾವು ಹೊಲಕೊಂಡ ನೀತಿ ಯಾವುದೂ ನಮ್ಮ ಮೈಗೆ ಸಾಲೂದಿಲ್ಲ. ಯೇಸು ತಂದು ತೊಡಸ್ತಾನ. ನಮ್ಮ ತಪ್ಪು ಅಂವ ತನ್ನ ಹೆಸರಿಗೆ ಹಾಕ್ಕೊಂಡ, ತನ್ನ ಒಳ್ಳೇತನಾ ನಮ್ಮ ಹೆಸರಿಗೆ ಹಾಕಿದ. ಇಷ್ಟ ಸುದ್ದಿ. ನಾ ಕಲ್ತ ಹೇಳೂದು ಇದೊಂದ.”

ಬೇರೆ ದಿನವಾಗಿದ್ದರೆ ವಾದಕ್ಕೆ ನಿಲ್ಲುತ್ತಿದ್ದೆ. ಯಾರು ಹಾಗೆ ಮಾಡುತ್ತಾರೆ ಎಂದು ಕೇಳುತ್ತಿದ್ದೆ. ಆದರೆ ಒಂದು ಕೋಟಿನ ಮಟ್ಟಿಗೆ ಹಾಗೆ ಮಾಡಿದ ಒಬ್ಬ ಮನುಷ್ಯನ ಎದುರು ಕೂತು ಚಹಾ ಕುಡಿದು ಬಂದಿದ್ದೆ. ಒಂದು ಕೋಟಿಗೇ ಹನ್ನೊಂದು ವರ್ಷ. ನನ್ನ ಉಳಿದದ್ದೆಲ್ಲ ಸೇರಿಸಿದರೆ ಎಷ್ಟು ಹೊರಬೇಕಾಯಿತೋ ಎಂದು ಶಿಲುಬೆಯ ಕಡೆ ನೋಡಿದೆ, ಬೇಗ ಕಣ್ಣು ಕೆಳಗಿಳಿಸಿದೆ.

“ಮತ್ತ ಮಲ್ಲಿಕಸಾಬನ ಹೆಸರು? ಅದನ್ನ ಮೊದಲ ತಿರುಗಿ ಕೊಡಬ್ಯಾಡೇನ್ರಿ?”

“ಕೊಡಬೇಕು. ಖರೇ ಕೊಡಬೇಕು, ಎಲ್ಲಾರ ಮುಂದ. ಆದರ ಭೋಜನಕ್ಕ ಬೆಲೆ ಅಂತ ಕೊಡಬ್ಯಾಡ್ರಿ. ಉಂಡ ಬಲದಾಗ ಕೊಡ್ರಿ. ನಾಳೆ ಮೊದಲ ಉಣ್ರಿ.”

ಈಸ್ಟರಿನ ಬೆಳಿಗ್ಗೆ ತಬಿತಾ ಬಿಳಿ ಫ್ರಾಕಿನಲ್ಲಿ ಮುಂದೆ ನಡೆದಳು. ಕಟಾಂಜನಕ್ಕೆ ಮಂಡಿಯೂರಿದಳು. ಅವಳ ಎಡಕ್ಕೆ ಜಾಗ ಖಾಲಿ ಇತ್ತು. ಇಡೀ ಸಭೆ ಆ ಜಾಗವನ್ನೇ ನೋಡುತ್ತಿತ್ತು. ನಾನು ಎದ್ದೆ. ಹನ್ನೊಂದು ವರ್ಷದ ರೂಢಿ, ಕಾಲು ಬಾಗಿಲಿನ ಕಡೆಗೇ ಎಳೆಯಿತು. ಬೆಂಚಿನ ತುದಿ ಹಿಡಿದು ಅದನ್ನು ಮುಂದಕ್ಕೆ ತಿರುಗಿಸಿದೆ. ಒಂದೊಂದೇ ಹೆಜ್ಜೆ ಇಟ್ಟೆ. ಮಂಡಿಯೂರಿದೆ. ಮೊಣಕಾಲು ಸುಖವಾಗಿ ಮಡಚಿತು.

ಅಂಗೈ ಚಾಚಿದೆ. ಅದು ನಡುಗುತ್ತಿತ್ತು. ಅಡಗಿಸಲು ಇನ್ನೊಂದು ಕೈ ಕೆಳಗಿಟ್ಟೆ, ಅದೂ ನಡುಗಿತು. ತಬಿತಾ ನೋಡಿದಳು. ಅಯ್ಯನವರು ಅವಸರ ಮಾಡಲಿಲ್ಲ. ರೊಟ್ಟಿಯ ತುಣುಕನ್ನು ನನ್ನ ಅಂಗೈ ನಡುವೆ ಇಟ್ಟು, ಬೀಳದಂತೆ ನನ್ನ ಬೆರಳುಗಳನ್ನು ತಾವೇ ಮಡಚಿದರು. ನನ್ನ ಕಡೆಯಿಂದ ಅದರಲ್ಲಿ ಒಂದು ಹೊಲಿಗೆಯೂ ಇರಲಿಲ್ಲ. ತಿಂದೆ.

ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಚಹಾ, ಕೇಕು. ಸಭೆಯ ಅರ್ಧ ಜನ ಅಲ್ಲೇ ನಿಂತಿದ್ದರು. ಹಿರಿಯ ರಾಜಶೇಖರರು ತಬಿತಾಳ ತಲೆ ಸವರಿ, ಫ್ರಾಕಿನ ತೋಳನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು.

“ಭಾರಿ ಆಗೇತಿ ಎಲೀಷ. ಈ ವಯಸ್ಸಿನ್ಯಾಗೂ ಕೈ ಎಷ್ಟ ಸ್ವಚ್ಛ. ಆ ಮಲ್ಲಿಕಸಾಬನ್ನ ಅವತ್ತ ಹೊರಗ ಹಾಕಿದ್ದು ಛಲೋ ಆತು ನೋಡು.”

ದೇವರಾಣೆ, ನನ್ನ ಬಾಯಿ ನನ್ನನ್ನು ಕೇಳಲಿಲ್ಲ. “ಅದೇನ್ರಿ, ಕಣ್ಣು ಮುಚ್ಚಿಕೊಂಡು, ಎಡಗೈಲೆ, ಅರ್ಧ ತಾಸಿನ್ಯಾಗ...” ಎಂದು ಶುರುಮಾಡಿಬಿಟ್ಟಿತು.

“ಅಜ್ಜಾ,” ಎಂದಳು ತಬಿತಾ, ಕೇಕು ಅಗಿಯುವುದನ್ನು ನಿಲ್ಲಿಸಿ. “ಯಾರು ಹೊಲದ್ರು ಹೇಳು.”

ಚಹಾದ ಕಪ್ಪನ್ನು ಗೋಡೆಯ ಮೇಲಿಟ್ಟೆ. “ನಾ ಹೊಲದಿಲ್ಲರಿ. ಮಲ್ಲಿಕಸಾಬ ಹೊಲದದ್ದು. ಮತ್ತ ನಿಮ್ಮ ಮಗನ ಕೋಟು ಕೆಡಿಸಿದಾಂವ ಅಂವ ಅಲ್ಲ. ನಾನು.”

ರಾಜಶೇಖರರು ಹೊಟ್ಟೆ ಹಿಡಿದು ನಕ್ಕರು. “ಕೆರಿಗೆ ಕೋಟು ಹೊಲದಾಂವ, ಇವತ್ತ ಹೊಸಾ ಕತಿ ತಂದಾನ ನೋಡ್ರಿ,” ಎಂದು ಉಳಿದವರನ್ನೂ ಕರೆದರು. ಅವರೂ ನಕ್ಕರು. ನಲವತ್ತು ವರ್ಷ ಸುಳ್ಳು ಹೇಳಿದಾಗ ತಲೆದೂಗಿದ ಜನ, ಮೊದಲ ಸಲ ನಿಜ ಹೇಳಿದರೆ ನಗುತ್ತಿದ್ದರು. ಬಿಡುವ ಹಾಗಿರಲಿಲ್ಲ. ಉಂಡಿದ್ದೆ. ಇನ್ನಷ್ಟು ಜೋರಾಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

“ನಗಬ್ಯಾಡ್ರಿ, ಪೂರಾ ಕೇಳ್ರಿ. ಅವತ್ತ ಅಂಗಡ್ಯಾಗ ನಾಕು ಮಂದಿ ಗಿರಾಕಿ ಕುಂತಿದ್ರು. ಅವರಿಗೆ ಕತಿ ಹೇಳಕೋತ, ಮೇಜಿನ ಈ ಬಾಜೂದಿಂದ ಆ ಬಾಜೂ ಹೋಗಿ, ಅವರ ಕಡೆ ಮಾರಿ ಮಾಡಿ, ಅರಬಿ ತಿರುವಿ ಹಾಸಿದೆ. ದಿಕ್ಕು ನೋಡಲಿಲ್ಲ. ಮಲ್ಲಿಕಸಾಬ ‘ಅಣ್ಣಾ, ಒಮ್ಮೆ ಸವರ್ರಿ’ ಅಂದ. ಸಾಮ್ರಾಟನಿಗೆ ಹೇಳತಿಯೇನು ಅಂದು ಎಡ ಎದಿ ಕತ್ತರಿಸಿದೆ. ನೀವು ಬಂದು ಒದರ್ಯಾಡಿದಾಗ ಅಂವನ ಕಡೆ ಬಟ್ಟು ಮಾಡಿದೆ. ಅಂವ ಸುಮ್ನ ಹೋದ. ಕತ್ತರಿ ನನ್ನ ಕೈಯಾಗಿತ್ತು.”

ಈಗ ಯಾರೂ ನಗುತ್ತಿರಲಿಲ್ಲ. ರಾಜಶೇಖರರ ಮುಖ ಇಳಿದಿತ್ತು.

“ಹನ್ನೊಂದು ವರ್ಷ ಅಂವನ ಹೆಸರ ನಾನೂ ಹೇಳೇನಿ,” ಎಂದರು ನಿಧಾನವಾಗಿ. “ಮತ್ತ ನಿನ್ನ ಹಗ್ಗದ ಮ್ಯಾಲಿನ ನಲವತ್ತು ಅಂಗಿ? ಅವಾದ್ರೂ ಖರೇನೋ?”

“ಏಳು,” ಎಂದೆ. ತಬಿತಾ ನನ್ನನ್ನೇ ನೋಡುತ್ತಿದ್ದಳು. “ಆರು ಅನ್ರಿ. ಒಂದಕ್ಕ ಎರಡೂ ತೋಳು ಎಡಗಡೆದ್ದ ಅದಾವ.”